ಮೂರಡಿಯ ಆಕಾಶನೌಕೆ

ಹಳೆಯ ಹಾಲಿವುಡ್ ಸಿನಿಮಾಗಳ ಆಕಾಶನೌಕೆಗಳು ಪುಟ್ಟ ಮಾದರಿಗಳಂತೆ. ತೆರೆಯ ಮೇಲೆ ಅಷ್ಟು ದೊಡ್ಡದಾಗಿ ಕಾಣುವುದು ಹೇಗೆ?
— ಓದುಗರೊಬ್ಬರು, ನ್ಯಾಮತಿ

ಜಾತ್ರೆಯಲ್ಲಿ ದೂರದಿಂದ ತೇರಿನ ಎತ್ತರ ಗೊತ್ತಾಗುವುದು ಅದರ ಮೇಲೆ ಕುಳಿತ ಅರ್ಚಕರು ಎಷ್ಟು ಚಿಕ್ಕದಾಗಿ ಕಾಣುತ್ತಾರೆ ಎಂಬುದರಿಂದ. ಮಾದರಿ ಕಟ್ಟುವವರ ಗುಟ್ಟೂ ಅದೇ. ಸಣ್ಣ ಸಣ್ಣ ವಿವರ ತುಂಬಿದಷ್ಟೂ ನೌಕೆ ದೊಡ್ಡದೆನಿಸುತ್ತದೆ.

1977ರ ‘ಸ್ಟಾರ್ ವಾರ್ಸ್’ಗೆ ಕಾಲಿನ್ ಕ್ಯಾಂಟ್‌ವೆಲ್ ಮೊದಲ ಮಾದರಿಗಳನ್ನು ಕಟ್ಟಿದಾಗ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕಿಟ್‌ಗಳ ತುಂಡುಗಳನ್ನೇ ಬಳಸಿದರು. ಚಿತ್ರೀಕರಣದ ಮಾದರಿಗಳಿಗೂ ಇದೇ ಉಪಾಯ: ಆಟಿಕೆ ಟ್ಯಾಂಕು, ಹಡಗುಗಳ ಬಿಡಿಭಾಗ ಅಂಟಿಸಿ ಒಂದೇ ಬಣ್ಣ ಬಳಿದರೆ ಯಾವುದೋ ಮಹಾಯಂತ್ರದ ಮೈ ಸಿದ್ಧ! ಮೇಲಿಷ್ಟು ಮಸಿ, ಸವೆತದ ಗುರುತು. ಆರಂಭದಲ್ಲೇ ನಮ್ಮ ತಲೆಯ ಮೇಲೆ ಹಾದುಹೋಗುವ ಸ್ಟಾರ್ ಡೆಸ್ಟ್ರಾಯರ್ ನೌಕೆ ಕಥೆಯಲ್ಲಿ 1,600 ಮೀಟರ್ ಉದ್ದ; ಮಾದರಿ ಸುಮಾರು 91 ಸೆಂ.ಮೀ.

ಉಳಿದದ್ದು ಕ್ಯಾಮೆರಾದ ಕೆಲಸ. ಮಾದರಿ ನಿಂತಲ್ಲೇ ಇರುತ್ತದೆ, ಹಳಿಯ ಮೇಲೆ ಕ್ಯಾಮೆರಾ ಸರಿಯುತ್ತದೆ. ಅಷ್ಟು ಹತ್ತಿರದಿಂದ ತೆಗೆದರೆ ಹಿಂಬದಿ ಮಸುಕಾಗಿ ಆಟಿಕೆಯೆಂದು ತಿಳಿದುಬಿಡುತ್ತದೆ. ಅದಕ್ಕೇ ಲೆನ್ಸಿನ ಕಿಂಡಿ ಕಿರಿದು ಮಾಡಿ, ಒಂದೊಂದು ಫ್ರೇಮಿಗೂ ಹೆಚ್ಚು ಹೊತ್ತು ಬೆಳಕು ಬೀಳಿಸುತ್ತಾರೆ. ಆಗ ಮೂತಿಯಿಂದ ಬಾಲದವರೆಗೂ ಎಲ್ಲ ನಿಚ್ಚಳ.

ಹಾಗೆಂದು ಎಲ್ಲ ಮಾದರಿಗಳೂ ಪುಟ್ಟವಲ್ಲ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯ ಡಿಸ್ಕವರಿ ನೌಕೆಯ ದೊಡ್ಡ ಮಾದರಿ ಸುಮಾರು 54 ಅಡಿ ಉದ್ದವಿತ್ತು.