ಕೊಬ್ಬಿನ ಮೇಲೊಂದು ಫಾಸ್ಫೇಟ್

ಇನ್ಸುಲಿನ್ ಆಗಲಿ, ಚರ್ಮದ ಕೋಶಗಳನ್ನು ಬೆಳೆಸುವ ಇಜಿಎಫ್ ಆಗಲಿ, ತನ್ನ ಆದೇಶವನ್ನು ಜೀವಕೋಶದ ಹೊರಗೆ ನಿಂತೇ ಕೊಡುತ್ತದೆ. ಕೋಶಪೊರೆಯ ಎರಡೂ ಬದಿಗೆ ಚಾಚಿಕೊಂಡ ಗ್ರಾಹಕ ಎಂಬ ಪ್ರೋಟೀನಿಗೆ ಅದು ಹೊರಗಿನಿಂದ ಅಂಟಿಕೊಂಡಾಗ, ಗ್ರಾಹಕದ ಒಳತುದಿಯಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲಗಳಿಗೆ ಫಾಸ್ಫೇಟ್ ಸೇರುತ್ತದೆ. ಆ ಗುರುತು ಹಿಡಿದು, ನೇರವಾಗಿಯೋ ಮಧ್ಯವರ್ತಿ ಪ್ರೋಟೀನುಗಳ ಮೂಲಕವೋ, ಕೆಲವು ಕಿಣ್ವಗಳು ಪೊರೆಯ ಬಳಿ ಬರುತ್ತವೆ. ಅವು ಮಾರ್ಪಡಿಸುವುದು ಪೊರೆಯ ಕೊಬ್ಬನ್ನೇ.

ಈ ಕೊಬ್ಬಿನ ಹೆಸರು ಪಿಐಪಿ2. ಪೊರೆಯ ಲಿಪಿಡ್‌ಗಳಲ್ಲಿ ಇದರ ಪಾಲು ತೀರಾ ಕಡಿಮೆ. ಆದರೂ ಎರಡು ಬಗೆಯ ಸಂದೇಶಗಳು ಇದರಿಂದಲೇ ಹುಟ್ಟುತ್ತವೆ. ಫಾಸ್ಫೊಲಿಪೇಸ್ ಸಿ-ಗಾಮಾ ಎಂಬ ಕಿಣ್ವ ಇದನ್ನು ಎರಡಾಗಿ ಸೀಳುತ್ತದೆ. ಒಂದು ತುಂಡು ಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಬಿಡಿಸುತ್ತದೆ, ಪೊರೆಯಲ್ಲೇ ಉಳಿದ ತುಂಡು ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವವನ್ನು ಎಬ್ಬಿಸುತ್ತದೆ.

ಇದಕ್ಕಿಂತಲೂ ಬೆರಗಿನದು ಪಿಐ3-ಕೈನೇಸ್. ಅದು ಪಿಐಪಿ2ನ್ನು ಒಡೆಯದೆ, ಅದರ ಉಂಗುರದ 3ನೇ ಸ್ಥಾನಕ್ಕೆ ಇನ್ನೊಂದು ಫಾಸ್ಫೇಟ್ ಕೂಡಿಸಿ ಪಿಐಪಿ3 ಮಾಡುತ್ತದೆ. ಈ ಕಿಣ್ವ 3ನೇ ಸ್ಥಾನಕ್ಕೇ ಕೈಹಾಕುತ್ತದೆ ಎಂಬುದನ್ನು ಲೂಯಿಸ್ ಕ್ಯಾಂಟ್ಲಿ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದರು. ಒಂದು ಫಾಸ್ಫೇಟ್‌ನಿಂದ ಆಗುವುದಾದರೂ ಏನು? ಕೋಶದ್ರವದಲ್ಲಿ ಅಲೆಯುವ ಎಕೆಟಿ ಎಂಬ ಪ್ರೋಟೀನಿಗೆ ಪಿಐಪಿ3ನ್ನು ಗುರುತಿಸಿ ಹಿಡಿಯುವ ಭಾಗವೊಂದಿದೆ. ಪಿಐಪಿ3 ಮೂಡಿದ ಕಡೆ ಅದು ಪೊರೆಗೆ ಬಂದು ಅಂಟುತ್ತದೆ, ಅಲ್ಲಿಯೇ ಚುರುಕಾಗುತ್ತದೆ. ಆಮೇಲೆ ಕೋಶ ಗ್ಲೂಕೋಸ್ ಹೀರುತ್ತದೆ, ಪ್ರೋಟೀನ್ ಕಟ್ಟುತ್ತದೆ, ಸಾಯದೆ ಉಳಿಯುತ್ತದೆ.

ಆದೇಶ ಮುಗಿದ ಮೇಲೆ ಆ ಫಾಸ್ಫೇಟ್ ಹೋಗಲೇಬೇಕು. ಅದನ್ನು ತೆಗೆಯುವ ಕಿಣ್ವ ಪಿಟೆನ್. ಇದರ ಜೀನ್ 1997ರಲ್ಲಿ ಪತ್ತೆಯಾದದ್ದು ಹಲವು ಕ್ಯಾನ್ಸರ್ ಗಡ್ಡೆಗಳಲ್ಲಿ ಅದು ಕಾಣೆಯಾಗಿದ್ದರಿಂದ; ಅದು ಅಳಿಸುವುದು ಪಿಐಪಿ3ನ್ನು ಎಂಬುದು ಮರುವರ್ಷ ತಿಳಿಯಿತು. ಪಿಟೆನ್ ಇಲ್ಲವಾದರೆ, ಇಲ್ಲವೇ ಪಿಐ3-ಕೈನೇಸಿನ ಪಿಐಕೆ3ಸಿಎ ಜೀನ್ ಕೆಟ್ಟು ಕಿಣ್ವ ಸದಾ ಚಾಲೂ ಆದರೆ, ಹೊರಗಿನಿಂದ ಯಾವ ಆದೇಶವೂ ಬಾರದೆ ಕೋಶ ಬೆಳೆಯತೊಡಗುತ್ತದೆ. ಹಾರ್ಮೋನ್ ಗ್ರಾಹಕಗಳಿರುವ ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 40ರಷ್ಟರಲ್ಲಿ ಪಿಐಕೆ3ಸಿಎ ಜೀನ್ ಕೆಟ್ಟಿರುತ್ತದೆ.

ಹೀಗೆ ಕೆಟ್ಟ ಪಿಐ3-ಕೈನೇಸನ್ನು ತಡೆಯುವ ಅಲ್ಪೆಲಿಸಿಬ್ ಗುಳಿಗೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಇನ್ಸುಲಿನ್ನಿನ ದಾರಿಯೂ ಇದೇ ಕಿಣ್ವದ ಮೂಲಕವೇ ಹಾಯುತ್ತದೆ. ಹಾಗಾಗಿ ಗುಳಿಗೆ ನುಂಗಿದವರ ರಕ್ತದಲ್ಲಿ ಸಕ್ಕರೆ ಏರುವುದು ಸಾಮಾನ್ಯ. ಸಕ್ಕರೆ ಏರಿದಾಗ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಅದು ಗಡ್ಡೆಯಲ್ಲಿ ಮುಚ್ಚಿದ್ದ ದಾರಿಯನ್ನು ಮತ್ತೆ ತೆರೆಯಬಲ್ಲದು ಎಂದು ಇಲಿಗಳ ಮೇಲಿನ ಪ್ರಯೋಗಗಳು 2018ರಲ್ಲಿ ತೋರಿಸಿದವು. ಈ ಔಷಧ ಪಡೆಯುವವರ ಸಕ್ಕರೆಯನ್ನು ಚಿಕಿತ್ಸೆಗೆ ಮುಂಚೆಯೂ ಆಮೇಲೂ ತಪ್ಪದೆ ಪರೀಕ್ಷಿಸಲಾಗುತ್ತದೆ.