ಮಕ್ಕಳ ಬಟ್ಟೆಯ ಕಲೆ: ತೊಳೆಯುವ ಮುನ್ನ ಒಮ್ಮೆ ನೋಡಿ

ಅಡಿಕೆ ಸುಲಿತದ ಕಾಲ ಬಂದಿತೆಂದರೆ ತರೀಕೆರೆ ಸೀಮೆಯ ಮನೆಯಂಗಳಗಳಲ್ಲಿ ಮೆಟ್ಟುಗತ್ತಿಗಳ ಸಾಲು, ಒಲೆಯ ಮೇಲೆ ಹಂಡೆ, ಹಂಡೆಯೊಳಗೆ ಕುದಿಯುವ ಚೊಗರು. ಇವೆಲ್ಲದರ ನಡುವೆ ಓಡಾಡುವವು ಮಕ್ಕಳು. ಅಂತಹ ಒಂದು ಸುಲಿತದ ಕಾಲದಲ್ಲಿ ಅಜ್ಜಿಯೊಬ್ಬರು ಒಂದೂವರೆ ವರ್ಷದ ಮೊಮ್ಮಗನನ್ನು ಎತ್ತಿಕೊಂಡು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಮಗುವಿನ ಸೊಂಟ, ತೊಡೆಗಳು ಕೆಂಪೇರಿ ಸಿಪ್ಪೆ ಏಳುತ್ತಿದ್ದವು. ತೊಟ್ಟಿದ್ದ ಚಡ್ಡಿ ಮಾತ್ರ ಅಚ್ಚ ಬಿಳುಪು. ಚೊಗರಿನ ಕಲೆ ಹೋಗಲೆಂದು ನೆಲ ತೊಳೆಯುವ ಬ್ಲೀಚ್ ದ್ರವದಲ್ಲಿ ಅದನ್ನು ರಾತ್ರಿಯಿಡೀ ನೆನೆಸಿ, ಒಂದೇ ನೀರಿನಲ್ಲಿ ಜಾಲಿಸಿ ಒಣಹಾಕಿದ್ದರು. “ಕಲೆ ಹೋಯಿತು ಡಾಕ್ಟರೇ, ಈಗ ಮಗುವಿನ ಚರ್ಮ ಹೋಗ್ತಿದೆ” ಎಂದು ಆ ತಾಯಿ ಕಣ್ಣೊರೆಸಿಕೊಂಡರು. ನಾವು ಔಷಧಕ್ಕಿಂತ ಮೊದಲು ಬಟ್ಟೆಯನ್ನು ಬದಲಾಯಿಸಲು ಹೇಳಿದೆವು. ವಾರದೊಳಗೆ ಚರ್ಮ ಸರಿಹೋಯಿತು.

ಅಂದಿನಿಂದ ಈ ವಿಷಯವನ್ನು ಬರೆಯಬೇಕೆಂಬ ಮನಸ್ಸು ನಮಗಿತ್ತು. ಬಟ್ಟೆಯ ಕಲೆ ವೈದ್ಯರ ವಿಷಯವೇ ಎಂದು ಕೆಲವರು ಕೇಳಬಹುದು. ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಶಿಶುವಿನ ಕೋಣೆ, ಹಾಸಿಗೆ, ಹೊದಿಕೆಗಳ ವಿಚಾರ ಬರುತ್ತದೆ. ಹಾಸು ಹೊದಿಕೆಗಳು ಮೃದುವಾಗಿಯೂ ಹಗುರವಾಗಿಯೂ ಶುಚಿಯಾಗಿಯೂ ಇರಬೇಕು. ಬೆವರು, ಮಲ, ಮೂತ್ರ ಸೋಕಿದವನ್ನು ಬಿಡಬೇಕು. ಬೇರೆ ಇಲ್ಲದಿದ್ದರೆ ಅವನ್ನೇ ಚೆನ್ನಾಗಿ ತೊಳೆದು, ಧೂಪಕ್ಕೆ ಒಡ್ಡಿ, ಪೂರ್ಣ ಒಣಗಿಸಿ ಬಳಸಬೇಕೆಂಬುದು ಅಲ್ಲಿನ ವಿಧಾನ. ಬಿಳುಪಾಗಿಸಬೇಕೆಂದು ಆಚಾರ್ಯರು ಹೇಳಲಿಲ್ಲ, ಶುಚಿಯಾಗಿಸಬೇಕೆಂದರು. ಕಲೆ ಉಳಿದ ಬಟ್ಟೆ ಶುಚಿಯಾಗಿರಬಹುದು. ಬಿಳುಪಾದ ಬಟ್ಟೆ ವಿಷವಾಗಿರಬಹುದು.

ನಮ್ಮ ಬಾಲ್ಯದಲ್ಲಿ ಮಡಿವಾಳರ ಹಿರಿಯರು ಬಟ್ಟೆಯ ಗಂಟು ಬಿಚ್ಚಿದೊಡನೆ ನೀರಿಗೆ ಹಾಕುತ್ತಿರಲಿಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. “ಇದು ಬಾಳೆಕರೆ ಅಮ್ಮಾ, ಹೋಗೋದಿಲ್ಲ” ಎಂದು ಮುಖಕ್ಕೆ ಹೇಳಿ, ಉಳಿದವನ್ನು ಚೌಳು ಮಣ್ಣಿಗೋ ಬೂದಿ ನೀರಿಗೋ ಉಬ್ಬೆಗೋ ಬೇರೆ ಬೇರೆ ಮಾಡುತ್ತಿದ್ದರು. ಮಡಿವಾಳ ಮಾಚಿದೇವರು ಕೈಗೊಂಡ ಕಾಯಕ ಅದು. ಅದರೊಳಗೆ ಎಷ್ಟು ರಸಾಯನಶಾಸ್ತ್ರ ಅಡಗಿದೆಯೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಕಲೆ ತೆಗೆಯುವುದರಲ್ಲಿ ಮೊದಲ ಕೆಲಸ ನೋಡುವುದು. ಯಾವ ಕಲೆಯೆಂದು ತಿಳಿಯದೆ ಸಾಬೂನು ಹಚ್ಚುವುದು ರೋಗ ತಿಳಿಯದೆ ಮಾತ್ರೆ ನುಂಗಿದಂತೆ.

ಚೊಗರನ್ನೇ ತೆಗೆದುಕೊಳ್ಳೋಣ. ಅಡಿಕೆ, ದಾಳಿಂಬೆ, ಚಹಾ ಇವುಗಳಲ್ಲಿರುವ ಒಗರಿನ ಅಂಶಕ್ಕೆ ಟ್ಯಾನಿನ್ ಎಂದು ಹೆಸರು. ಇದು ಹತ್ತಿಯ ನೂಲನ್ನು ಬಲವಾಗಿ ಹಿಡಿಯುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಚರಕ ಸಂಸ್ಥೆಯವರು (ಇದು ನೂಲುವ ಚರಕ, ಸಂಹಿತೆಯ ಚರಕರಲ್ಲ) ಅಡಿಕೆ ಚೊಗರಿನಿಂದಲೇ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಅಲ್ಲಿ ಬಣ್ಣವಾದದ್ದು ಇಲ್ಲಿ ಕಲೆ. ಹಾಗಾಗಿ ಚೊಗರು ಬಿದ್ದ ಬಟ್ಟೆಗೆ ಮೊದಲು ಬಟ್ಟೆ ಸೋಪು ತಿಕ್ಕುವುದು ದೊಡ್ಡ ತಪ್ಪು. ಸೋಪು, ಸೋಡಾ, ಸುಣ್ಣ ಇವೆಲ್ಲ ಕ್ಷಾರಗಳು. ಎಲೆ ಅಡಿಕೆಗೆ ಸುಣ್ಣ ಸೇರಿದಾಗ ಬಾಯಿ ಕೆಂಪಾಗುವುದನ್ನು ಎಲ್ಲರೂ ಬಲ್ಲರು. ಬಟ್ಟೆಯ ಮೇಲೆ ಆಗುವುದೂ ಅದೇ. ಕಬ್ಬಿಣದ ಬಕೆಟ್ಟಿನಲ್ಲೋ ಕಬ್ಬಿಣದಂಶವುಳ್ಳ ನೀರಿನಲ್ಲೋ ನೆನೆಸಿದರೆ ಕೆಂಪು ಕಪ್ಪಾಗುತ್ತದೆ.

ಮಾಡಬೇಕಾದದ್ದು ಇಷ್ಟು. ಕಲೆ ಹಸಿಯಿರುವಾಗಲೇ ಬಟ್ಟೆ ಬಿಚ್ಚಿ, ಹಿಂಬದಿಯಿಂದ ತಣ್ಣೀರು ಹರಿಸಬೇಕು. ಮುಂದಿನಿಂದ ಸುರಿದರೆ ಕಲೆ ಒಳಕ್ಕೆ ಇಳಿಯುತ್ತದೆ. ಬಳಿಕ ನಿಂಬೆರಸ ಹಿಂಡಿ ಅರ್ಧ ಗಂಟೆ ಬಿಟ್ಟು ತೊಳೆದು, ಆಮೇಲೆ ಸಾಬೂನಿಗೆ ಹಾಕಬೇಕು. ಬಿಳಿಯ ಹತ್ತಿ ಬಟ್ಟೆಯಲ್ಲಿ ಇನ್ನೂ ಉಳಿದಿದ್ದರೆ ಔಷಧದ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ದ್ರವಕ್ಕೆ ಸಮಪಾಲು ನೀರು ಬೆರೆಸಿ ಕಲೆಯ ಮೇಲೆ ಮಾತ್ರ ಹಾಕಿ, ಕಾಲು ಗಂಟೆಯ ನಂತರ ಚೆನ್ನಾಗಿ ಜಾಲಿಸಬಹುದು. ಅದು ಕೊನೆಗೆ ನೀರು ಮತ್ತು ಆಮ್ಲಜನಕವಾಗಿ ಒಡೆಯುವುದರಿಂದ ಕ್ಲೋರಿನ್ ಬ್ಲೀಚಿಗಿಂತ ಮಗುವಿನ ಚರ್ಮಕ್ಕೆ ಸೌಮ್ಯ. ಬಣ್ಣದ ಬಟ್ಟೆಯಾದರೆ ಒಳಮಡಿಕೆಯಲ್ಲಿ ಒಂದು ಹನಿ ಹಾಕಿ ಪರೀಕ್ಷಿಸಿರಿ. ಒಣಗಿದ ಬಾಳೆಕರೆಗೆ ಮಾತ್ರ ನಮ್ಮಲ್ಲಿ ಉಪಾಯವಿಲ್ಲ. ಆ ಅಂಗಿಯನ್ನು ತೋಟಕ್ಕೆ, ಆಟಕ್ಕೆ ಇಟ್ಟುಬಿಡುವುದೇ ಮೇಲು.

ಅರಿಶಿನವೂ ಕ್ಷಾರಕ್ಕೆ ಕೆಂಪಾಗುವ ಜಾತಿ. ಆರತಿಯ ಓಕುಳಿ ನೀರು ಅರಿಶಿನ ಸುಣ್ಣಗಳಿಂದಲೇ ಅಲ್ಲವೇ ಆಗುವುದು? ಮಗುವಿನ ಅಂಗಿಗೆ ಸಾಂಬಾರು ಚೆಲ್ಲಿ, ಸೋಪು ಹಚ್ಚಿದೊಡನೆ ಕಲೆ ರಕ್ತದಂತೆ ಕಂಡರೆ ಗಾಬರಿ ಬೇಡ. ತೊಳೆದು, ಒದ್ದೆಯಾಗಿರುವಂತೆಯೇ ಎರಡು ದಿನ ಬಿಸಿಲಿಗೆ ಹಾಕಿರಿ. ಅರಿಶಿನದ ಬಣ್ಣ ಸೂರ್ಯನ ಬೆಳಕಿಗೆ ತಾನೇ ಕರಗುತ್ತದೆ. ನಮಗೆ ತಿಳಿದಂತೆ ಇದಕ್ಕಿಂತ ಅಗ್ಗದ ಔಷಧ ಬೇರೆ ಇಲ್ಲ.

ಮಣ್ಣಿನ ಕಲೆಯಲ್ಲಿ ನಮ್ಮ ಮೂರೂ ತಾಲ್ಲೂಕುಗಳು ಮೂರು ಬಗೆ. ತರೀಕೆರೆಯ ಗಿರಿಯ ಬದಿಯ ಕೆಂಪು ಮಣ್ಣಿನಲ್ಲಿ ಕಬ್ಬಿಣವಿದೆ. ಕೆಮ್ಮಣ್ಣುಗುಂಡಿಯ ಹೆಸರೇ ಅದನ್ನು ಹೇಳುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಅಲ್ಲಿಂದಲೇ. ಆ ಮಣ್ಣು ಬಟ್ಟೆಗೆ ಹತ್ತಿದರೆ ಅದು ಒಂದು ರೀತಿಯಲ್ಲಿ ತುಕ್ಕಿನ ಕಲೆ. ಅಜ್ಜಂಪುರದ ಎರೆಮಣ್ಣು ಬಹಳ ನುಣುಪಾದ ಜೇಡಿ; ಈರುಳ್ಳಿ ಹೊಲದಲ್ಲಿ ಆಡಿ ಬಂದ ಮಗುವಿನ ಚಡ್ಡಿ ಒದ್ದೆಯಲ್ಲಿ ಅಂಟಿನಂತೆಯೂ ಒಣಗಿದಾಗ ಹೆಂಚಿನಂತೆಯೂ ಇರುತ್ತದೆ. ಕಡೂರಿನ ಕಡೆ ಮಣ್ಣಿಗಿಂತ ನೀರೇ ತೊಡಕು.

ಚೊಗರಿಗೆ ಅವಸರ ಬೇಕು, ಮಣ್ಣಿಗೆ ತಾಳ್ಮೆ ಬೇಕು. ಹಸಿ ಕೆಸರನ್ನು ಉಜ್ಜಿದರೆ ಅದು ನೂಲಿನೊಳಕ್ಕೆ ಹೋಗಿ ಕೂರುತ್ತದೆ. ಪೂರ್ಣ ಒಣಗಲು ಬಿಟ್ಟು, ಕೊಡವಿ, ಮೆತ್ತನೆಯ ಬ್ರಷ್ಷಿನಿಂದ ಉದುರಿಸಿ, ಅನಂತರ ತಣ್ಣೀರಿನಲ್ಲಿ ಎರಡು ಬಾರಿ ಜಾಲಿಸಿ ಸಾಬೂನಿಗೆ ಹಾಕಬೇಕು. ಎರೆಮಣ್ಣು ಇಷ್ಟಕ್ಕೆ ಹೋಗುತ್ತದೆ. ಕೆಮ್ಮಣ್ಣಿನ ಛಾಯೆ ಉಳಿದರೆ ನಿಂಬೆರಸ ಮತ್ತು ಪುಡಿ ಉಪ್ಪು ಹಚ್ಚಿ ಬಿಸಿಲಿನಲ್ಲಿಟ್ಟು ತೊಳೆಯಿರಿ. ಹುಳಿಯು ಕಬ್ಬಿಣವನ್ನು ಕರಗಿಸುತ್ತದೆ. ಇದರ ಮೇಲೆ ಬ್ಲೀಚ್ ಹಾಕಿದರೆ ಕಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಶನಿವಾರದ ಬಿಳಿ ಸಮವಸ್ತ್ರಗಳು ಬ್ಲೀಚಿನ ನಂತರ ಹಳದಿಗೆ ತಿರುಗುವುದರ ಒಂದು ಕಾರಣ ಇದು.

ಹಾಲು, ವಾಂತಿ, ರಕ್ತ, ಮೊಟ್ಟೆ ಇವು ಬಿಸಿನೀರಿಗೆ ಹೆಪ್ಪುಗಟ್ಟುವ ಪದಾರ್ಥಗಳು. ಮೊಣಕಾಲು ತರಚಿದ ಮಗುವಿನ ಚಡ್ಡಿಯನ್ನು ಹಂಡೆಯ ಬಿಸಿನೀರಿಗೆ ಹಾಕಬೇಡಿರಿ. ಮೊದಲು ತಣ್ಣೀರು, ಬೇಕಾದರೆ ಒಂದು ಚಿಟಿಕೆ ಉಪ್ಪು. ಮಲ ಸೋಕಿದ ಬಟ್ಟೆಗೂ ಹೀಗೆಯೇ: ಮೊದಲು ತಣ್ಣೀರಿನಲ್ಲಿ ಕಳೆದು, ಸಾಬೂನು ಹಚ್ಚಿ, ಕೊನೆಗೆ ಬಿಸಿನೀರು ಮತ್ತು ಬಿಸಿಲು. ಅಭ್ಯಂಗದ ಎಣ್ಣೆಯ ಕಲೆಗೆ ಕಡಲೆಹಿಟ್ಟು ಉದುರಿಸಿ, ಹೀರಿಕೊಂಡ ಮೇಲೆ ಕೊಡವಿ, ಅಂಟವಾಳ ಕಾಯಿಯ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಸಂಸ್ಕೃತದಲ್ಲಿ ಈ ಕಾಯಿಗೆ ಫೇನಿಲ, ಅಂದರೆ ನೊರೆಯುಳ್ಳದ್ದು, ಎಂಬ ಹೆಸರೇ ಇದೆ. ಕಣ್ಣಿಗೆ ಬಿದ್ದರೆ ಬಹಳ ಉರಿಯುವುದರಿಂದ ಮಕ್ಕಳ ಎದುರಿಗೆ ಬೇಡ. ಹಲಸಿನ ಮೇಣಕ್ಕೆ ಕೊಬ್ಬರಿ ಎಣ್ಣೆ ಸಾಕು. ಕಾಡಿಗೆಗೂ ಮೊದಲು ಎಣ್ಣೆ, ಆಮೇಲೆ ಸಾಬೂನು. ಬಾಲ್ ಪೆನ್ನಿನ ಶಾಯಿಗೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಒತ್ತಿ ಒತ್ತಿ ತೆಗೆಯಬೇಕು, ಒಲೆಯಿಂದ ದೂರ ಕುಳಿತು.

ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ನೊರೆಯಾಗದೆ ಬೂದುಬಣ್ಣದ ಜಿಡ್ಡಾಗಿ ಬಟ್ಟೆಗೇ ಅಂಟುತ್ತದೆ. ತಾಯಂದಿರು ಇದನ್ನು ಕೊಳೆಯೆಂದು ತಿಳಿದು ಇನ್ನಷ್ಟು ಪುಡಿ ಸುರಿಯುತ್ತಾರೆ. ಅದೇ ಪುಡಿಯ ಶೇಷ ಮಗುವಿನ ಕತ್ತು, ಕಂಕುಳು, ತೊಡೆಸಂದಿಗಳಲ್ಲಿ ಕೆರೆತವಾಗಿ ನಮ್ಮ ಬಳಿಗೆ ಬರುತ್ತದೆ. ಪುಡಿ ಕಡಿಮೆ ಮಾಡಿ, ಮೂರು ನೀರಿನಲ್ಲಿ ಜಾಲಿಸಿರಿ. ಮಳೆಯ ನೀರನ್ನು ಹಿಡಿದಿಡುವ ಮನೆಗಳು ಅದರಲ್ಲಿ ಒಂದು ಪಾಲನ್ನು ಎಳೆಯ ಮಕ್ಕಳ ಬಟ್ಟೆಯ ಕೊನೆಯ ನೀರಿಗೆ ಮೀಸಲಿಟ್ಟರೆ ಉತ್ತಮ.

ಇನ್ನು ಕಲೆಗಿಂತ ಅಪಾಯಕಾರಿಯಾದವುಗಳ ಮಾತು. ಬ್ಲೀಚ್, ಶೌಚಾಲಯದ ಆಸಿಡ್, ಕಾಸ್ಟಿಕ್ ಸೋಡಾ, ಸೀಮೆಎಣ್ಣೆ ಇವನ್ನು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿಟ್ಟು ಬಚ್ಚಲಿನ ಮೂಲೆಯಲ್ಲಿಡುವ ಪದ್ಧತಿಯನ್ನು ಇಂದೇ ಬಿಡಬೇಕು. ಎರಡು ವರ್ಷದ ಮಗುವಿಗೆ ಬಾಟಲಿಯೆಂದರೆ ಕುಡಿಯುವ ವಸ್ತು. ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿರಿ. ಸುಡುವ ದ್ರವ ಹಿಂದಿರುಗುವಾಗ ಅನ್ನನಾಳವನ್ನು ಮತ್ತೊಮ್ಮೆ ಸುಡುತ್ತದೆ. ಸೀಮೆಎಣ್ಣೆಯಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಯಿಯನ್ನು ನೀರಿನಿಂದ ಒರೆಸಿ, ಆ ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಬೇಕು. ಬ್ಲೀಚ್ ಮತ್ತು ಆಸಿಡನ್ನು ಒಟ್ಟಿಗೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ದೊಡ್ಡವರ ಉಸಿರನ್ನೂ ಕಟ್ಟಿಸಬಲ್ಲದು.

ಇನ್ನೊಂದು, ಕಣ್ಣಿಗೆ ಕಾಣದ ಕಲೆ. ಹಿರಿಯ ಮಗುವಿನ ಬಟ್ಟೆಗಳನ್ನು ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟು, ಹೊಸ ಕೂಸಿಗೆ ತೊಡಿಸುವುದು ನಮ್ಮ ಮನೆಗಳಲ್ಲಿ ಪ್ರೀತಿಯ ರೂಢಿ. ಆ ಗುಳಿಗೆಯ ನಾಫ್ತಲೀನ್ ಆವಿಯಾಗಿ ಬಟ್ಟೆಯಲ್ಲಿ ಸೇರಿರುತ್ತದೆ. ಹುಟ್ಟಿನಿಂದಲೇ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆಯನ್ನು ತರಬಲ್ಲದು. ಯಾವ ಶಿಶುವಿಗೆ ಈ ಕೊರತೆಯಿದೆಯೆಂದು ಮುಖ ನೋಡಿ ತಿಳಿಯಲಾಗದು. ಕೂಸಿನ ಬಟ್ಟೆಯ ನಡುವೆ ಒಣಗಿದ ಬೇವಿನೆಲೆಯನ್ನಿಡಿರಿ, ನುಸಿಗುಳಿಗೆ ಬೇಡವೇ ಬೇಡ.

ಕಾಮಾಲೆಯ ಮಾತು ಬಂದದ್ದರಿಂದ, ಈ ಲೇಖನವನ್ನು ಬರೆಯಲು ಇದ್ದ ಮುಖ್ಯ ಕಾರಣಕ್ಕೆ ಬರುತ್ತೇವೆ. ಕೆಲವು ಕಲೆಗಳನ್ನು ತೆಗೆಯುವ ಮುನ್ನ ಓದಬೇಕು. ಹುಟ್ಟಿದ ಮೊದಲ ಎರಡು ಮೂರು ದಿನ ಕೂಸಿನ ಬಟ್ಟೆಯಲ್ಲಿ ಇಟ್ಟಿಗೆ ಪುಡಿಯಂತಹ ಕಿತ್ತಳೆ ಕೆಂಪು ಕಲೆ ಕಂಡರೆ ಅದು ಸಾಮಾನ್ಯವಾಗಿ ರಕ್ತವಲ್ಲ, ಮೂತ್ರದ ಹರಳು. ಹಾಲು ಸಾಲದಿರಬಹುದೆಂಬ ಸೂಚನೆ. ಹೆಚ್ಚು ಸಾರಿ ಹಾಲೂಡಿಸಿದರೆ ಹೋಗುತ್ತದೆ. ಆಮೇಲೂ ಕಂಡರೆ ವೈದ್ಯರಿಗೆ ತೋರಿಸಬೇಕು.

ಇದಕ್ಕಿಂತ ಮುಖ್ಯವಾದದ್ದು ಹಳದಿ ಕಲೆ. ಎಳೆಗೂಸಿನ ಮೂತ್ರಕ್ಕೆ ಬಣ್ಣವಿರುವುದಿಲ್ಲ. ಅದು ಬಟ್ಟೆಯಲ್ಲಿ ಕಲೆ ಉಳಿಸಬಾರದು. ಹದಿನಾಲ್ಕು ದಿನ ಕಳೆದ ಮೇಲೂ ಕಣ್ಣು ಹಳದಿಯಾಗಿದ್ದು, ಮೂತ್ರ ಬಟ್ಟೆಗೆ ಹಳದಿ ಕಲೆ ಮಾಡುತ್ತಿದ್ದರೆ, ಮಲವು ಸುಣ್ಣದಂತೆಯೋ ಜೇಡಿಯಂತೆಯೋ ಬಿಳಿಚಿದ್ದರೆ, ಪಿತ್ತನಾಳ ಮುಚ್ಚಿರುವ ಸಂಭವವುಂಟು. ಇದಕ್ಕೆ ಶಸ್ತ್ರಚಿಕಿತ್ಸೆಯನ್ನು 1950ರ ದಶಕದಲ್ಲಿ ಜಪಾನಿನ ಮೊರಿಯೊ ಕಸಾಯಿ ಎಂಬ ವೈದ್ಯರು ರೂಪಿಸಿದರು. ಹುಟ್ಟಿದ 60 ದಿನಗಳೊಳಗೆ ಆದರೆ ಅದು ಫಲಿಸುವ ಅವಕಾಶ ಹೆಚ್ಚು. ದಿನ ಕಳೆದಂತೆ ಯಕೃತ್ತು ಗಟ್ಟಿಯಾಗುತ್ತ ಹೋಗುತ್ತದೆ.

ಆ ದಿನಗಳು ನಮ್ಮ ಊರುಗಳಲ್ಲಿ ಕಳೆದುಹೋಗುವುದು ನೆಲನೆಲ್ಲಿಯ ರಸ ಕುಡಿಸುವುದರಲ್ಲಿ, ಬಿಸಿಲಿಗೆ ಹಿಡಿಯುವುದರಲ್ಲಿ, ಕಲೆ ಹೋಗಲಿಲ್ಲವೆಂದು ಬಟ್ಟೆಯನ್ನು ಮತ್ತೆ ಮತ್ತೆ ಬೇಯಿಸುವುದರಲ್ಲಿ. ನಾವೂ ಆಯುರ್ವೇದದವರೇ, ನೆಲನೆಲ್ಲಿಯನ್ನು ದೊಡ್ಡವರಿಗೆ ಕೊಟ್ಟವರೇ. ಆದರೆ ಮುಚ್ಚಿದ ನಾಳವನ್ನು ತೆರೆಯುವ ಶಕ್ತಿ ಯಾವ ಸ್ವರಸಕ್ಕೂ ಇಲ್ಲ. ಅಂತಹ ಕೂಸು ಬಂದರೆ ನಾವು ಒಂದು ಹನಿ ಔಷಧವನ್ನೂ ಕೊಡದೆ ಅದೇ ದಿನ ಮಕ್ಕಳ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತೇವೆ.

ಬಾಣಂತಿಯ ಕೋಣೆಯಲ್ಲಿ ಬಟ್ಟೆ ಒಗೆಯುವವರು ಹೆಚ್ಚಾಗಿ ಅಜ್ಜಿಯರು. ಕಲೆಯನ್ನು ಮೊದಲು ಕಾಣುವ ಕಣ್ಣು ಅವರದು. ಹಳದಿ ಕಲೆಯೋ ಬಿಳಿಚಿದ ಮಲವೋ ಕಂಡರೆ ಆ ಒಂದು ಬಟ್ಟೆಯನ್ನು ಒಗೆಯದೆ, ಮಡಿಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಕೂಸಿನ ಜೊತೆಗೆ ಆಸ್ಪತ್ರೆಗೆ ತನ್ನಿರಿ.