ಒಂದು ವಾರದ ರಜೆ ಕಟ್ಟಿದ ಊರು

ರೈಲು ಪ್ರೆಸ್ಟನ್ ನಿಲ್ದಾಣವನ್ನು ದಾಟಿತೆಂದರೆ ಸಾಕು, ಗಾಡಿಯೊಳಗಿನ ಮಕ್ಕಳೆಲ್ಲ ಕಿಟಕಿಗೆ ಮುಖವೊತ್ತಿ ಕುಳಿತುಬಿಡುತ್ತಿದ್ದರು. ದಿಗಂತದಲ್ಲಿ ಗೋಪುರವನ್ನು ಮೊದಲು ಕಂಡವರಿಗೆ ಹಿರಿಯರು ಒಂದು ನಾಣ್ಯ ಕೊಡುವುದು ವಾಡಿಕೆ. ಪ್ಯಾರಿಸಿನ ಐಫೆಲ್ ಗೋಪುರದ ಮಾದರಿಯಿಂದ ಸ್ಫೂರ್ತಿಗೊಂಡು 1894ರಲ್ಲಿ ನಿಲ್ಲಿಸಿದ, 518 ಅಡಿ ಎತ್ತರದ ಆ ಗೋಪುರವೇ ಇಂಗ್ಲೆಂಡಿನ ವಾಯವ್ಯ ಕರಾವಳಿಯ ಬ್ಲ್ಯಾಕ್‌ಪೂಲ್ ಪಟ್ಟಣದ ಹೆಗ್ಗುರುತು.

ಬ್ರೈಟನ್ ಪಟ್ಟಣಕ್ಕೆ ರಾಜಕುಮಾರನ ಕೃಪೆಯಿತ್ತು. ಬ್ಲ್ಯಾಕ್‌ಪೂಲನ್ನು ಬೆಳೆಸಿದವರು ಲ್ಯಾಂಕಶೈರಿನ ಹತ್ತಿ ಗಿರಣಿಗಳ ಕಾರ್ಮಿಕರು. 1846ರಲ್ಲಿ ಅಲ್ಲಿಗೆ ರೈಲು ಬಂದಿತು. ವರ್ಷಕ್ಕೊಮ್ಮೆ ಒಂದೊಂದು ಊರಿನ ಗಿರಣಿಗಳೆಲ್ಲ ಒಟ್ಟಾಗಿ ಬಾಗಿಲು ಮುಚ್ಚುತ್ತಿದ್ದವು. ‘ವೇಕ್ಸ್ ವಾರ’ವೆಂದು ಅದರ ಹೆಸರು. ಒಂದು ವಾರ ಬರ್ನ್ಲಿಯವರದಾದರೆ ಮತ್ತೊಂದು ವಾರ ಓಲ್ಡಮ್ಮಿನವರದು. ಊರಿಗೆ ಊರೇ ಕಡಲಿನತ್ತ ಹೊರಡುತ್ತಿತ್ತು.

ಆದರೆ ಆ ವಾರಕ್ಕೆ ಕೂಲಿಯಿರಲಿಲ್ಲ. ವರ್ಷವಿಡೀ ಪೆನ್ನಿಗೆ ಪೆನ್ನಿ ಸೇರಿಸಿ ಉಳಿತಾಯದ ಸಂಘದಲ್ಲಿಟ್ಟ ಹಣವೇ ಆಧಾರ. ಸಂಬಳಸಹಿತ ರಜೆಯ ಕಾನೂನು ಬಂದುದು 1938ರಲ್ಲಿ. ಈ ಕಾರ್ಮಿಕರು ನಮಗೆ ತೀರ ಅಪರಿಚಿತರಲ್ಲ. ಅವರು ನೇಯ್ದ ಬಟ್ಟೆ ಭಾರತದ ಪೇಟೆಗಳನ್ನು ತುಂಬಿತ್ತು. 1931ರಲ್ಲಿ ಗಾಂಧೀಜಿಯವರು ಲ್ಯಾಂಕಶೈರಿನ ಡಾರ್ವೆನ್ನಿಗೆ ಹೋದಾಗ, ವಿದೇಶೀ ಬಟ್ಟೆಯ ಬಹಿಷ್ಕಾರದ ಪೆಟ್ಟನ್ನು ಉಂಡಿದ್ದರೂ ಅವರಿಗೆ ಹರ್ಷಧ್ವನಿಯ ಸ್ವಾಗತವಿತ್ತವರು ಇಂಥ ಗಿರಣಿಯ ಜನರೇ.

ಬ್ಲ್ಯಾಕ್‌ಪೂಲಿನಲ್ಲಿ ಇವರು ಇಳಿದುಕೊಳ್ಳುತ್ತಿದ್ದುದು ಸಾಲುಮನೆಗಳ ವಸತಿಗೃಹಗಳಲ್ಲಿ. ಹಿಂದೆ ಅತಿಥಿಗಳು ತಾವೇ ದಿನಸಿ ಕೊಂಡು ತರುವರು, ಮನೆಯೊಡತಿ ಬೇಯಿಸಿ ಬಡಿಸುವಳು. ಕಟ್ಟುನಿಟ್ಟಿಗೆ ಹೆಸರಾದ ಆ ಒಡತಿಯರನ್ನು ಕುರಿತ ಹಾಸ್ಯಗಳಿಗೆ ಲೆಕ್ಕವೇ ಇಲ್ಲ.

ಇಂದು ಹೋದ ಪ್ರವಾಸಿಗೂ ಆ ಕಾಲದ ಕುರುಹುಗಳು ಹೇರಳವಾಗಿ ಕಾಣಸಿಗುತ್ತವೆ. ಕಬ್ಬಿಣದ ಕಂಬಗಳ ಮೇಲೆ ಕಡಲೊಳಕ್ಕೆ ಚಾಚಿದ ಮೂರು ಪಿಯರುಗಳಿವೆ, ಮೊದಲನೆಯದು 1863ರದು. ಕಡಲ ದಂಡೆಯುದ್ದಕ್ಕೂ ಓಡುವ ಟ್ರಾಮಿನ ಚರಿತ್ರೆ 1885ರಷ್ಟು ಹಿಂದಿನದು. ಅಂಗಡಿಗಳಲ್ಲಿ ‘ರಾಕ್’ ಎಂಬ ಸಕ್ಕರೆಯ ಕಡ್ಡಿ ದೊರೆಯುತ್ತದೆ. ಬಣ್ಣದ ಸಕ್ಕರೆ ಪಾಕದ ಅಕ್ಷರಗಳನ್ನು ದಪ್ಪನೆಯ ಉಂಡೆಯೊಳಗೆ ಕೈಯಿಂದ ಜೋಡಿಸಿ ಸಣ್ಣಗೆ ಎಳೆಯುವುದರಿಂದ, ಎಲ್ಲಿ ಕಚ್ಚಿದರೂ ಊರಿನ ಹೆಸರೇ ಕಾಣುತ್ತದೆ. ಮರಳಿನ ಮೇಲೆ ಮಕ್ಕಳನ್ನು ಹೊತ್ತು ತಿರುಗುವ ಕತ್ತೆಗಳಿಗೆ ಶುಕ್ರವಾರ ಕಡ್ಡಾಯ ರಜೆ!

ಶರತ್ಕಾಲ ಬಂದಿತೆಂದರೆ ದೀಪೋತ್ಸವ. 1879ರಲ್ಲಿ ಎಂಟು ವಿದ್ಯುದ್ದೀಪಗಳಿಂದ ಮೊದಲಾದ ಸಡಗರ ಈಗ ಸುಮಾರು ಆರು ಮೈಲಿಗಳ ಬೆಳಕಿನ ಸಾಲಾಗಿದೆ. ಬೇಸಗೆ ಮುಗಿದ ಮೇಲೂ ಅತಿಥಿಗಳನ್ನು ಹಿಡಿದಿಡುವ ವ್ಯಾಪಾರದ ಜಾಣ್ಮೆ ಅದು.

ಆದರೆ ಜಾಣ್ಮೆಗೂ ಮಿತಿಯುಂಟು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ವಿಮಾನಯಾನ ಅಗ್ಗವಾಯಿತು. ಇಂಗ್ಲೆಂಡಿನ ಮೋಡವನ್ನು ಬಿಟ್ಟು ಜನರು ಸ್ಪೇನಿನ ಬಿಸಿಲಿಗೆ ಹಾರಿದರು. ಗಿರಣಿಗಳೂ ಒಂದೊಂದಾಗಿ ಮುಚ್ಚಿದವು. ಅವುಗಳೊಂದಿಗೆ ವೇಕ್ಸ್ ವಾರವೂ ಮರೆಯಾಯಿತು. ಎಷ್ಟೋ ವಸತಿಗೃಹಗಳು ಬಡವರ ಬಾಡಿಗೆಯ ಕೋಣೆಗಳಾದವು. 2019ರ ಸರಕಾರೀ ಗಣನೆಯಲ್ಲಿ ಬ್ಲ್ಯಾಕ್‌ಪೂಲ್ ಇಂಗ್ಲೆಂಡಿನ ಅತ್ಯಂತ ಹಿಂದುಳಿದ ಪಟ್ಟಣಗಳ ಸಾಲಿನಲ್ಲಿ ನಿಂತಿತು. ದೀಪದ ಸಾಲಿನಿಂದ ಎರಡು ಬೀದಿ ಹಿಂದಕ್ಕೆ ನಡೆದ ಪ್ರವಾಸಿಗೆ ಇದು ಕಾಣದೆ ಇರದು.

ಆದರೂ ಪ್ರತಿವರ್ಷ ಲಕ್ಷಾಂತರ ಜನ ಬರುತ್ತಲೇ ಇದ್ದಾರೆ. ಗೋಪುರದ ಬುಡದಲ್ಲಿರುವ ನೃತ್ಯಮಂದಿರ 1956ರಲ್ಲಿ ಬೆಂಕಿಗೆ ತುತ್ತಾಗಿ, 1958ರಲ್ಲಿ ಮತ್ತೆ ತೆರೆಯಿತು. ಅಲ್ಲಿ ಇಂದಿಗೂ ಆರ್ಗನ್ ವಾದ್ಯ ಮೊಳಗಿದಾಗ ನರೆತ ತಲೆಯ ದಂಪತಿಗಳು ಕೈಹಿಡಿದು ಮೆಲ್ಲನೆ ಹೆಜ್ಜೆ ಹಾಕುತ್ತಾರೆ. ಐವತ್ತೊಂದು ವಾರ ಮಗ್ಗದ ಗದ್ದಲದಲ್ಲಿ ದುಡಿದವರು ಒಂದು ವಾರದ ಸಂತೋಷಕ್ಕಾಗಿ ತೆತ್ತ ಬೆಲೆಯನ್ನು ಅರಿತವನಿಗೆ, ಆ ನೃತ್ಯ ಬರಿಯ ವಿನೋದವಾಗಿ ತೋರುವುದಿಲ್ಲ.